ತಾಮ್ರದ ತಗಡು, ನಮ್ಮ ಕಣ್ಣು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಚಿತ್ರಕಲಾ ಶಿಕ್ಷಕರಿಗೆ ಬಹಿರಂಗ ಪತ್ರ

ಮಾಸ್ತರರೇ, ಅಕ್ಕೋರೇ,

ನಾಲ್ಕು ತಾಲ್ಲೂಕುಗಳ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಕಲಿಸುವ ನಿಮ್ಮೆಲ್ಲರ ಮುಂದೆ ಒಂದು ಬೇಡಿಕೆ ಇಡುತ್ತಿದ್ದೇನೆ. ನಮ್ಮ ಮಕ್ಕಳಿಗೆ ಎಚ್ಚಿಂಗ್ ಕಲಿಸಿ. ಲೋಹದ ತಗಡಿನ ಮೇಲೆ ಗೆರೆ ಮೂಡಿಸಿ, ಆ ಗೆರೆಗೆ ಮಸಿ ತುಂಬಿ, ಒದ್ದೆ ಕಾಗದದ ಮೇಲೆ ಒತ್ತಿ ತೆಗೆಯುವ ಈ ಕಸುಬನ್ನು ಬೆಂಗಳೂರು, ಮೈಸೂರಿನ ಕಲಾ ಕಾಲೇಜುಗಳ ಗ್ರಾಫಿಕ್ಸ್ ವಿಭಾಗಕ್ಕೇ ಬಿಟ್ಟುಕೊಡಬೇಡಿ. ಕಲಿಸುವಾಗ ಇನ್ನೊಂದು ಪಾಠವನ್ನೂ ಸೇರಿಸಿ. ಯುರೋಪಿನವರು ಇದೇ ತಗಡು, ಇದೇ ಸೂಜಿ ಹಿಡಿದು ಮುನ್ನೂರು ವರ್ಷ ಕಾಲ ದೂರದೇಶದವರ ಚಿತ್ರ ಬರೆದರು. ಆ ದೂರದೇಶದವರಲ್ಲಿ ನಾವೂ ಇದ್ದೆವು. ಅವರ ಕೈಯಿಂದ ಕಲಿಯುವುದು ಬಹಳ ಇದೆ. ಅವರ ನೋಟವನ್ನು ಮಾತ್ರ ಒರೆಗೆ ಹಚ್ಚಿಯೇ ಒಳಗೆ ಬಿಟ್ಟುಕೊಳ್ಳಬೇಕು. ಇವೆರಡನ್ನೂ ಒಟ್ಟಿಗೆ ಕಲಿತ ಹುಡುಗ ಹುಡುಗಿಯರು ತಮ್ಮ ಊರನ್ನು ತಾವೇ ಬರೆಯಬಲ್ಲರು ಎಂಬುದು ನನ್ನ ನಂಬಿಕೆ.

ಮೊದಲು ಕಸುಬಿನ ಮಾತು. ತಾಮ್ರದ ತಗಡಿನ ನಾಲ್ಕೂ ಅಂಚಿಗೆ ಕಾನಸು ಹಿಡಿದು ಇಳಿಜಾರು ಮಾಡಬೇಕು. ಇಲ್ಲದಿದ್ದರೆ ಒತ್ತುವ ಹೊತ್ತಿಗೆ ಅದು ಕಾಗದವನ್ನೂ ಮೇಲೆ ಹೊದಿಸಿದ ಕಂಬಳಿಯನ್ನೂ ಸೀಳುತ್ತದೆ. ಆಮೇಲೆ ಸೀಮೆಸುಣ್ಣದ ಪುಡಿಯಿಂದ ತಿಕ್ಕಿ ಜಿಡ್ಡು ತೆಗೆಯಬೇಕು. ಜಿಡ್ಡು ಹೋಗಿದೆಯೋ ಇಲ್ಲವೋ ನೋಡಲು ನಲ್ಲಿಯ ಕೆಳಗೆ ಹಿಡಿದರಾಯಿತು: ನೀರು ಹನಿಹನಿಯಾಗಿ ಒಡೆದರೆ ಇನ್ನೂ ತಿಕ್ಕಬೇಕು, ಒಡೆಯದೆ ಹರಡಿ ನಿಂತರೆ ತಗಡು ಸಿದ್ಧ. ಈಗ ತಗಡನ್ನು ಬಿಸಿ ಮಾಡಿ ಜೇನುಮೇಣ, ರಾಳ, ಡಾಂಬರಿನಂಥ ಅಸ್ಫಾಲ್ಟ್ ಕೂಡಿದ ಲೇಪವನ್ನು ತೆಳ್ಳಗೆ ಸವರಬೇಕು. ಮೇಣದ ಬತ್ತಿಯ ಹೊಗೆ ಹಿಡಿದು ಆ ಲೇಪವನ್ನು ಕಪ್ಪಾಗಿಸಿದರೆ, ಸೂಜಿ ಎಳೆದ ಕಡೆಯೆಲ್ಲ ತಾಮ್ರ ಕೆಂಪಗೆ ಹೊಳೆಯುತ್ತದೆ.

ಸೂಜಿ ಕೆರೆಯುವುದು ಮೇಣವನ್ನಷ್ಟೇ. ತಾಮ್ರವನ್ನು ತಿನ್ನುವುದು ಆಮ್ಲ. ಗೆರೆ ಎಷ್ಟು ಆಳ ಎಂಬುದನ್ನು ಹೊತ್ತು ತೀರ್ಮಾನಿಸುತ್ತದೆ. ದೂರದ ಗುಡ್ಡದ ಗೆರೆಗೆ ಐದು ನಿಮಿಷ ಸಾಕಾದರೆ, ಎದುರಿನ ಬೇವಿನ ಬೊಡ್ಡೆಗೆ ಅರ್ಧ ಗಂಟೆ ಬೇಕಾಗಬಹುದು. ಹಾಗಾಗಿ ತಗಡನ್ನು ಹೊರತೆಗೆದು, ತೊಳೆದು, ಸಾಕಾದ ಗೆರೆಗಳನ್ನು ವಾರ್ನಿಶ್‌ನಿಂದ ಮುಚ್ಚಿ, ಉಳಿದವನ್ನು ಮತ್ತೆ ಆಮ್ಲಕ್ಕೆ ಬಿಡುತ್ತಾರೆ. ಈ ಆಟ ನಾಲ್ಕೈದು ಸುತ್ತು ನಡೆಯುತ್ತದೆ. ಕೊನೆಗೆ ಲೇಪ ತೆಗೆದು, ಇಡೀ ತಗಡಿಗೆ ಮಸಿ ಬಳಿದು, ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಿ, ಕಡೆಯ ಸಲ ಬರಿಯ ಅಂಗೈಯಿಂದ ನೇವರಿಸಿ ತೆಗೆಯುತ್ತಾರೆ. ಮೇಲ್ಮೈ ಸ್ವಚ್ಛವಾಗಿ ಗೆರೆಯೊಳಗೆ ಮಾತ್ರ ಮಸಿ ಉಳಿಯಬೇಕು. ಹದವಾಗಿ ನೆನೆದ ಕಾಗದವನ್ನು ಮೇಲಿಟ್ಟು ಉರುಳೆಗಳ ನಡುವೆ ಹಾಯಿಸಿದಾಗ ಕಾಗದ ಗೆರೆಯೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ. ಮುದ್ರಣದ ಮೇಲೆ ಬೆರಳಾಡಿಸಿದರೆ ಗೆರೆ ಉಬ್ಬಿರುವುದು ತಿಳಿಯುತ್ತದೆ.

ಈ ಕೆಲಸದಲ್ಲಿ ಒಂದು ಎಚ್ಚರ ಸದಾ ಬೇಕು. ತಗಡಿನಲ್ಲಿ ಬಲಕ್ಕಿದ್ದದ್ದು ಕಾಗದದಲ್ಲಿ ಎಡಕ್ಕೆ ಬರುತ್ತದೆ. ಬಲಗೈಯಲ್ಲಿ ಆರತಿ ಹಿಡಿದವಳು ಎಡಗೈಯವಳಾಗುತ್ತಾಳೆ. ಅಭಯಹಸ್ತ ಎಡಗೈಗೆ ಹೋಗುತ್ತದೆ. ಜಾಣ ಕಸುಬುದಾರ ತಗಡಿನ ಮೇಲೆ ಎಲ್ಲವನ್ನೂ ತಿರುವಿ ಬರೆಯುತ್ತಾನೆ. ಅಚ್ಚಾದ ಚಿತ್ರವೊಂದನ್ನು ಎದುರಿಗಿಟ್ಟುಕೊಂಡು ಇದ್ದಂತೆ ನಕಲಿಳಿಸುವವನು ಆ ಗೊಡವೆಗೆ ಹೋಗದಿದ್ದರೆ, ಕಾಣದ ದೇಶದ ಜನರ ಎಡಬಲವೇ ಅದಲು ಬದಲಾಗುತ್ತದೆ. ಹಳೆಯ ಪ್ರವಾಸ ಗ್ರಂಥಗಳ ಚಿತ್ರಗಳು ನಕಲಿನಿಂದ ನಕಲಿಗೆ ದಾಟಿಕೊಂಡೇ ಬಂದವು. ಅವನ್ನು ನೋಡುವಾಗ ಮಕ್ಕಳಿಗೆ ಮೊದಲು ಕೈಗಳನ್ನು ಗಮನಿಸಲು ಹೇಳಿ.

ಲೋಹಕ್ಕೆ ಗೆರೆ ಹಾಕುವುದು ನಮ್ಮ ಸೀಮೆಗೆ ಹೊಸದಲ್ಲ. ಕಿತ್ತೂರಿನ ಪಕ್ಕದ ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಕದಂಬರ ತಾಮ್ರಶಾಸನಗಳು ಸಿಕ್ಕಿವೆ. ಸುಮಾರು ಒಂದೂವರೆ ಸಾವಿರ ವರ್ಷದ ಹಿಂದೆಯೇ ಇಲ್ಲಿ ಯಾರೋ ತಾಮ್ರಕ್ಕೆ ಚಾಣ ಹಿಡಿದು ಅಕ್ಷರ ಕೊರೆದಿದ್ದರು. ಇಂದಿಗೂ ಭಾಂಡೆ ಅಂಗಡಿಯಲ್ಲಿ ತವರಿನ ಹೆಸರು ಹಾಕಿಸದೆ ಕೊಡ ಹೊರಬೀಳುವುದಿಲ್ಲ. ಬೀದರಿನ ಬಿದರಿ ಕೆಲಸಗಾರರು ಸತು ಬೆರೆತ ಲೋಹದ ಮೇಲೆ ಬರಿಗೈಯಲ್ಲಿ ಬಳ್ಳಿ ಕೊರೆದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಬರಿಸುತ್ತಾರೆ. ಉಳಿ, ಲೋಹ, ಉಪ್ಪು, ಎಲ್ಲವೂ ನಮ್ಮಲ್ಲಿತ್ತು. ಕೊರೆದ ಗೆರೆಯನ್ನು ಕಾಗದಕ್ಕೆ ಇಳಿಸಿ ನೂರಾರು ಪ್ರತಿ ತೆಗೆದು ಊರೂರಿಗೆ ಹಂಚುವ ದಾರಿ ಮಾತ್ರ ಯುರೋಪಿನಲ್ಲಿ ಮೊದಲು ತೆರೆಯಿತು. ಅಲ್ಲಿ ಯುದ್ಧದ ಕವಚಗಳಿಗೆ ಆಮ್ಲದಿಂದ ಹೂಬಳ್ಳಿ ಮೂಡಿಸುತ್ತಿದ್ದ ಕಸುಬುದಾರರಲ್ಲಿ ಔಗ್ಸ್‌ಬರ್ಗ್‌ನ ಡ್ಯಾನಿಯೆಲ್ ಹೋಪ್ಫರ್, 1500ರ ಆಸುಪಾಸಿನಲ್ಲಿ ಕಬ್ಬಿಣದ ತಗಡಿನಿಂದ ಕಾಗದದ ಮೇಲೆ ಚಿತ್ರ ಒತ್ತಿ ತೆಗೆದ. 1645ರಲ್ಲಿ ಅಬ್ರಹಾಂ ಬಾಸ್ ಪ್ಯಾರಿಸ್‌ನಲ್ಲಿ ಕಸುಬಿನ ಗುಟ್ಟನ್ನೆಲ್ಲ ಪುಸ್ತಕ ಮಾಡಿ ಅಚ್ಚು ಹಾಕಿಸಿದ.

ಅದಕ್ಕೂ ಬಹಳ ಮೊದಲೇ ಯುರೋಪಿನ ಹಡಗುಗಳು ಗೋವಾಕ್ಕೆ ಬಂದು ಹೋಗುತ್ತಿದ್ದವು. ಡಚ್ಚರವನಾದ ಯಾನ್ ಹ್ಯೂಗೆನ್ ಫಾನ್ ಲಿನ್ಸ್‌ಖೋಟೆನ್ 1583ರಿಂದ ಕೆಲವು ವರ್ಷ ಗೋವಾದ ಆರ್ಚ್‌ಬಿಷಪ್‌ರ ಕಾರ್ಯದರ್ಶಿಯಾಗಿದ್ದ. ಅವನ ‘ಇಟಿನೆರಾರಿಯೊ’ 1596ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಡೂಟೆಕುಮ್ ಮನೆತನದ ಕಸುಬುದಾರರು ಅದಕ್ಕೆ ತಗಡು ತಯಾರಿಸಿದರು. ಗೋವಾದ ಪೇಟೆ, ಪಲ್ಲಕ್ಕಿ, ಕೊಂಕಣ ಕೆನರಾ ಕಡೆಯ ರೈತಾಪಿ ಗಂಡು ಹೆಣ್ಣು, ಅವರ ಮಗು, ಎಲ್ಲವೂ ಅದರಲ್ಲಿವೆ. ನಮ್ಮಿಂದ ಘಟ್ಟ ಇಳಿದರೆ ಸಿಗುವ ಜನ ಅವರು. ಮಡಿಕೆ ಮಡಿಕೆಯಾದ ಉಡುಗೆ, ಕೈಯ ಬಳೆ, ತಲೆಯ ಹೊರೆ, ಒಂದೊಂದಕ್ಕೂ ಎಂಥ ಸಾವಧಾನ! ಆದರೆ ಅದೇ ಪುಸ್ತಕದ ದೇವಾಲಯದ ಚಿತ್ರದಲ್ಲಿ ಕೂತಿರುವ ದೇವರು ಘೋರಾಕಾರದ ರಾಕ್ಷಸ. ಆ ರೂಪ ಬಂದದ್ದು ಅವರ ಮನೆಯ ಭಯದಿಂದ. 1510ರಲ್ಲಿ ಇಟಲಿಯ ವರ್ತೆಮಾ ಎಂಬ ಪ್ರವಾಸಿ ಕಲ್ಲಿಕೋಟೆಯ ದೇವರನ್ನು ಕೊಂಬು, ಕಿರೀಟದ ಸೈತಾನನೆಂದು ಬರೆದ. 1515ರ ಜರ್ಮನ್ ಆವೃತ್ತಿಗೆ ಯೋರ್ಗ್ ಬ್ರಾಯ್ ಅದನ್ನು ಮರದಚ್ಚಿನಲ್ಲಿ ಕೆತ್ತಿಕೊಟ್ಟ. ಬ್ರಾಯ್ ಕಲ್ಲಿಕೋಟೆ ಕಂಡವನಲ್ಲ. ನರಕದ ದೆವ್ವಗಳ ಕ್ರೈಸ್ತ ಚಿತ್ರಗಳನ್ನು ಅವನು ಕಂಡಿದ್ದ. ಆ ದೆವ್ವ ಮುಂದೆ ಪುಸ್ತಕದಿಂದ ಪುಸ್ತಕಕ್ಕೆ ಹಾರುತ್ತಾ ಬಹಳ ಕಾಲ ಬಾಳಿತು. ಕಲಾ ಇತಿಹಾಸಕಾರ ಪಾರ್ಥ ಮಿತ್ತರ್ ತಮ್ಮ 1977ರ ‘ಮಚ್ ಮಲೈನ್ಡ್ ಮಾನ್ಸ್ಟರ್ಸ್’ ಗ್ರಂಥದಲ್ಲಿ ಈ ಇಡೀ ಕಥೆಯನ್ನು ಬಿಡಿಸಿಟ್ಟಿದ್ದಾರೆ.

ನೋಡದೆ ಬರೆದವರೆಲ್ಲ ದ್ವೇಷದಿಂದ ಬರೆದರು ಎಂದೂ ಅಲ್ಲ. 1723ರಿಂದ ಆಮ್‌ಸ್ಟರ್‌ಡ್ಯಾಮಿನಲ್ಲಿ ಹೊರಬರತೊಡಗಿದ, ಜಗತ್ತಿನ ಎಲ್ಲ ಧರ್ಮಗಳ ಆಚರಣೆಗಳ ದೊಡ್ಡ ಸಂಪುಟಗಳಿಗೆ ಬರ್ನಾರ್ ಪಿಕಾರ್ ಚಿತ್ರ ಮಾಡಿದ. ಕ್ರೈಸ್ತರು, ಯಹೂದಿಗಳು, ಹಿಂದೂಗಳು, ಅಮೆರಿಕದ ಮೂಲನಿವಾಸಿಗಳು ಎಲ್ಲರೂ ಒಂದೇ ಸಾಲಿನಲ್ಲಿ ಕೂರುವಂಥ ಗ್ರಂಥ ಅದು. ಅದರ ಹಿಂದೆ ಉದಾರ ಮನಸ್ಸಿತ್ತು. ಆದರೂ ಪಿಕಾರ್ ಭಾರತಕ್ಕೆ ಕಾಲಿಟ್ಟವನಲ್ಲ. ಬೇರೆಯವರ ಪುಸ್ತಕ ತಿರುವಿ ಸತಿ ಹೋಗುವುದನ್ನೂ ಸಿಡಿ ಆಡುವುದನ್ನೂ ಬರೆದ. ಅವನ ಭಾರತೀಯರ ಮೈಕಟ್ಟು ಗ್ರೀಕ್ ಶಿಲ್ಪದ್ದು. ಒಳ್ಳೆಯ ಮನಸ್ಸು ಇದ್ದರೂ ನೋಟ ಎರವಲಾದರೆ ಏನಾಗುತ್ತದೆ ಎಂಬುದಕ್ಕೆ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ನೋಡಿಯೇ ಬರೆದವನೊಬ್ಬನಿದ್ದ. ಆಂಟ್‌ವರ್ಪ್‌ನ ಬಾಲ್ತಜಾರ್ ಸೋಲ್ವಿನ್ಸ್. 1791ರಲ್ಲಿ ಕಲ್ಕತ್ತೆಗೆ ಬಂದು ಹನ್ನೆರಡು ವರ್ಷ ಇದ್ದ. 1796ರಿಂದ 1799ರವರೆಗೆ ಅಲ್ಲಿಯೇ ಬಣ್ಣ ಹಾಕಿದ 250 ಎಚ್ಚಿಂಗ್‌ಗಳನ್ನು ಹೊರತಂದ. ನೇಕಾರ, ಕುಂಬಾರ, ಬಡಗಿ, ಪಲ್ಲಕ್ಕಿ ಹೊರುವವರು, ಫಕೀರರು, ಬಗೆಬಗೆಯ ದೋಣಿಗಳು, ವಾದ್ಯ ನುಡಿಸುವವರು. ಅವನ ಗೆರೆ ಒರಟು, ಬಣ್ಣ ಮಬ್ಬು. ಆದರೆ ಕಸುಬಿನ ಸಲಕರಣೆ ಯಾವುದು, ಅದನ್ನು ಹೇಗೆ ಹಿಡಿಯುತ್ತಾರೆ ಎಂಬುದರಲ್ಲಿ ಅವನು ರಾಜಿ ಮಾಡಿಕೊಳ್ಳಲಿಲ್ಲ. ಕೊಳ್ಳುವವರಿಗೆ ಅದು ರುಚಿಸಲಿಲ್ಲ, ಅವನು ಕೈಸುಟ್ಟುಕೊಂಡ. 1804ರ ಹೊತ್ತಿಗೆ ಲಂಡನ್ನಿನ ಪ್ರಕಾಶಕ ಎಡ್ವರ್ಡ್ ಓರ್ಮ್ ಅವನನ್ನು ಕೇಳದೆ ಅದರಲ್ಲಿ 60 ಚಿತ್ರಗಳನ್ನು ಆಯ್ದು, ತಿದ್ದಿ ತೀಡಿ, ತಿಳಿಬಣ್ಣ ತುಂಬಿ ಮಾರಿದ. ಅವು ಬಿಸಿ ದೋಸೆಯಂತೆ ಖರ್ಚಾದವು. ಸೋಲ್ವಿನ್ಸ್ ಪ್ಯಾರಿಸ್‌ನಲ್ಲಿ 1808ರಿಂದ 1812ರವರೆಗೆ ಮತ್ತೆ ಎಲ್ಲವನ್ನೂ ಹೊಸದಾಗಿ ಕೊರೆದು ನಾಲ್ಕು ಸಂಪುಟ ತಂದ. ಅದೂ ಸೋತಿತು. ದುಡಿಯುವ ಕೈಯನ್ನು ಇದ್ದಂತೆ ತೋರಿಸಿದ ಚಿತ್ರ ಮೂಲೆ ಸೇರಿತು, ಅಂದಗಾಣಿಸಿದ ನಕಲು ಯುರೋಪಿನ ಮನೆಗಳ ಗೋಡೆ ಏರಿತು. ಸೋಲ್ವಿನ್ಸ್ ತೀರಿಕೊಂಡದ್ದು 1824ರ ಅಕ್ಟೋಬರ್‌ನಲ್ಲಿ.

ಆ ಅಕ್ಟೋಬರ್ ನಮಗೆ ಬೇರೆ ಕಾರಣಕ್ಕೆ ನೆನಪಿರುವ ತಿಂಗಳು. 23ರಂದು ಕಿತ್ತೂರಿನ ಕೋಟೆಯ ಮುಂದೆ ಕಂಪನಿಯ ದಂಡು ಸೋತಿತು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಇದಕ್ಕೂ ಕಾಲು ಶತಮಾನ ಮೊದಲು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲಂಡನ್ನಿನ ಚಿತ್ರದಂಗಡಿಗಳಿಗೆ ಸುಗ್ಗಿಯೇ ಬಂದಿತ್ತು. ಭಾರತ ಕಾಣದ ಯುವಕ ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ ಕೋಟೆ ಹತ್ತುವ ದೃಶ್ಯವನ್ನು 120 ಅಡಿ ಉದ್ದದ ಬಟ್ಟೆಯ ಮೇಲೆ ಬರೆದು ಜನರಿಗೆ ತೋರಿಸಿದ. ಅದು ತಾಮ್ರದ ತಗಡಿಗಿಳಿದು ಪ್ರತಿಪ್ರತಿಯಾಗಿ ಹಂಚಿಹೋಯಿತು. ಶ್ರೀರಂಗಪಟ್ಟಣ ಬೀಳುವ ಮೊದಲೇ, ಟಿಪ್ಪುವಿನ ಮಕ್ಕಳನ್ನು ಒತ್ತೆ ಕೊಡುವ ದೃಶ್ಯವನ್ನು ಒಬ್ಬರ ಮೇಲೊಬ್ಬರು ಬರೆದಿದ್ದರು. ಕಿತ್ತೂರಿಗೆ ಅಂಥ ಚಿತ್ರಗಳ ಮಳೆ ಬರಲಿಲ್ಲ. ಗೆದ್ದ ಕೋಟೆಯ ಚಿತ್ರಕ್ಕೆ ಗಿರಾಕಿಗಳಿದ್ದರು, ಸೋತ ಕೋಟೆಯ ಚಿತ್ರ ಯಾರಿಗೆ ಬೇಕು? ಆಮೇಲೆ ಕಂಪನಿಯ ಕೈಗೆ ಸಿಕ್ಕ ಕಿತ್ತೂರಿನ ರಾಣಿ ಚನ್ನಮ್ಮನವರು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರ ಫೆಬ್ರುವರಿಯಲ್ಲಿ ಕಣ್ಣು ಮುಚ್ಚಿದರು. ಇಂದು ನಾವು ಕಾಣುವ ಅವರ ಚಿತ್ರಗಳು ಮುಂದಿನವರು ಭಕ್ತಿಯಿಂದ ಕಲ್ಪಿಸಿಕೊಂಡವು. ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬರ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದ ಹೊತ್ತಿಗೆ ಲಂಡನ್ನಿನ ಸಚಿತ್ರ ಪತ್ರಿಕೆಗಳು ವಾರವಾರವೂ ಬಂಡಾಯದ ಚಿತ್ರ ಅಚ್ಚು ಹಾಕುತ್ತಿದ್ದವು. ಅವುಗಳಲ್ಲಿ ನಮ್ಮವರು ಸಾಮಾನ್ಯವಾಗಿ ಕೈಯಲ್ಲಿ ಕತ್ತಿ ಹಿಡಿದ ಗುಂಪು. ಮುಖ, ಹೆಸರು ಇರುವುದು ಎದುರು ಪಾಳಯದವರಿಗೆ.

ಹೀಗೆಂದು ಬಂದವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಥ್ಯಾಕರೆಯ ಜೊತೆಗಿದ್ದ ವಾಲ್ಟರ್ ಎಲಿಯಟ್ ಅಂದು ಕಿತ್ತೂರಿನಲ್ಲಿ ಸೆರೆ ಸಿಕ್ಕ. ಚನ್ನಮ್ಮನವರು ಅವನನ್ನು ಗೌರವದಿಂದ ನಡೆಸಿಕೊಂಡು ಬಿಟ್ಟುಕೊಟ್ಟರು. ಅದೇ ಎಲಿಯಟ್ ಮುಂದೆ ಈ ಸೀಮೆಯ ನೂರಾರು ಶಿಲಾಶಾಸನಗಳ ಪ್ರತಿ ಮಾಡಿಸಿದ. ಅವನ ನಂತರ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಅಚ್ಚು ಹಾಕಿಸಿದ. 1790-91ರ ಧಾರವಾಡದ ಮುತ್ತಿಗೆಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಸಿಪಾಯಿ ಅಧಿಕಾರಿ 1810ರಲ್ಲಿ ‘ಹಿಂದೂ ಪ್ಯಾಂಥಿಯಾನ್’ ಎಂಬ ಗ್ರಂಥ ತಂದ. ಅದರ 105 ಫಲಕಗಳಿಗೆ ಆಧಾರವಾದದ್ದು ನಮ್ಮ ಕಂಚುಗಾರರು ಎರೆದ ಮೂರ್ತಿಗಳು, ನಮ್ಮ ಚಿತ್ರಗಾರರು ಬರೆದ ಚಿತ್ರಗಳು. ಕೊಂಬಿನ ದೆವ್ವ ಹೋಗಿ ಶಂಖ ಚಕ್ರ ಹಿಡಿದ ವಿಷ್ಣು ಸರಿಯಾಗಿ ನಿಂತ. ಮೂಲವನ್ನು ಎದುರಿಗಿಟ್ಟುಕೊಂಡದ್ದರಿಂದ ಇಷ್ಟಾಯಿತು. ಆದರೆ ಆ ಕಂಚುಗಾರರ ಹೆಸರು ಅಲ್ಲಿಲ್ಲ. ಇಂಗ್ಲಿಷ್ ಚಿತ್ರಗಾರ ತಾಮಸ್ ಡೇನಿಯಲ್ 1780ರ ದಶಕದಲ್ಲಿ ಕಲ್ಕತ್ತೆಯ ಹನ್ನೆರಡು ನೋಟಗಳನ್ನು ಅಚ್ಚು ಹಾಕುವಾಗ ಅಲ್ಲಿನ ಕಸುಬುದಾರರ ಕೈ ಕೂಡಿಸಿಕೊಂಡೇ ಕೆಲಸ ಮುಗಿಸಿದ. ಅವರ ಹೆಸರೂ ಫಲಕದ ಕೆಳಗೆ ಬರಲಿಲ್ಲ.

ದೂರದವರನ್ನು ಹೇಗೆ ನೋಡಬೇಕು ಎಂಬುದಕ್ಕೆ ನಾನು ಮಕ್ಕಳಿಗೆ ತೋರಿಸುವ ಚಿತ್ರ ರೆಂಬ್ರಾಂಟ್‌ನದು. ಅವನು ಹಾಲೆಂಡ್ ಬಿಟ್ಟು ಹೋದವನಲ್ಲ. ಆದರೆ ಅವನ ಕೈಗೆ ಮೊಗಲ್ ಚಿತ್ರಗಳು ಸಿಕ್ಕವು. ಇಪ್ಪತ್ತಕ್ಕೂ ಹೆಚ್ಚನ್ನು ಕೂತು ನೋಡಿ ಗೆರೆಯಲ್ಲಿ ಇಳಿಸಿಕೊಂಡ. ಅವುಗಳಲ್ಲಿ ಒಂದು, ಮರದ ಕೆಳಗೆ ಕೂತ ನಾಲ್ವರು ಶೇಖ್‌ಗಳದ್ದು. 1656ರಲ್ಲಿ ಅವನು ಅಬ್ರಹಾಮನು ದೇವದೂತರಿಗೆ ಉಪಚಾರ ಮಾಡುವ ಬೈಬಲ್ ಕಥೆಯನ್ನು ಎಚ್ಚಿಂಗ್ ಮಾಡಿದಾಗ ಅತಿಥಿಗಳನ್ನು ಮೇಜು ಕುರ್ಚಿಗೆ ಕೂರಿಸಲಿಲ್ಲ. ನೆಲದ ಮೇಲೆ, ತಟ್ಟೆಯ ಸುತ್ತ, ನಮ್ಮ ಹಿರಿಯರು ಪಡಸಾಲೆಯಲ್ಲಿ ಕೂರುವ ಹಾಗೆ ಕೂರಿಸಿದ. ಮನೆಯ ಯಜಮಾನ ಅವರಿಗಿಂತ ಕೆಳಗೆ, ಹೂಜಿ ಹಿಡಿದು ಬಾಗಿದ್ದಾನೆ. ಬಾಗಿಲ ಸಂದಿಯಲ್ಲಿ ಹೆಂಡತಿ ಇಣುಕುತ್ತಿದ್ದಾಳೆ. ಭಾರತದ ಒಬ್ಬ ಚಿತ್ರಗಾರನ ಕೂರಿಸುವ ಕ್ರಮ ಅಲ್ಲಿ ಗುರುವಿನ ಸ್ಥಾನದಲ್ಲಿದೆ. ವಿಚಿತ್ರ ವಸ್ತುವನ್ನು ಜನರಿಗೆ ತೋರಿಸುವುದು ರೆಂಬ್ರಾಂಟ್‌ಗೆ ಬೇಕಿರಲಿಲ್ಲ, ಅವನು ಕಲಿಯುತ್ತಿದ್ದ.

ಈಗ ನಮ್ಮ ಕಡೆಗೆ ಬರೋಣ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಕ್ಯಾಮೆರಾ ಹಿಡಿದು ಬರುವವರಲ್ಲಿ ಬಹಳ ಮಂದಿ ಹುಡುಕುವುದು ಜಡೆಗಟ್ಟಿದ ಕೂದಲು, ಭಂಡಾರ ಬಳಿದ ಹಣೆ, ಮೈಮೇಲೆ ಬಂದವರು. ಇವರಲ್ಲಿ ಹೊರನಾಡಿನವರಿಗಿಂತ ನಮ್ಮವರೇ ಹೆಚ್ಚು. ಪಿಕಾರ್‌ನ ಎರವಲು ನೋಟ ಈಗ ನಮ್ಮ ಮೊಬೈಲಿನಲ್ಲೇ ಕೂತಿದೆ. ಗುಡ್ಡದಲ್ಲಿ ಎತ್ತಿನ ಬಂಡಿ ಬಿಚ್ಚಿ ಮೂರು ಕಲ್ಲು ಹೂಡಿ ಕಡುಬು ಬೇಯಿಸುವ ತಾಯಿ ಇದ್ದಾಳೆ. ಪಡ್ಡಲಗಿ ತುಂಬುವವರಿದ್ದಾರೆ. ಬಳೆಗಾರ, ಬಸ್ಸಿನ ಕಂಡಕ್ಟರ್, ಎಣ್ಣೆಹೊಂಡದ ಮೆಟ್ಟಿಲು ಗುಡಿಸುವ ಹೆಂಗಸು ಇದ್ದಾರೆ. ಚೌಡಕಿಯ ತಂತಿ ಎಳೆದು ಶ್ರುತಿ ಮಾಡುವ ಬೆರಳುಗಳಿವೆ. ನೋವಿನ ಸಂಗತಿಗಳಿಗೆ ಕಣ್ಣು ಮುಚ್ಚಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ದೇವದಾಸಿ ಬಿಡುವುದನ್ನು ತಡೆಯಲು 1982ರಲ್ಲಿ ಕಾಯ್ದೆಯೇ ಬರಬೇಕಾಯಿತು. ಅದರ ನೋವು ಉಂಡವರು ನಮ್ಮ ನಡುವೆಯೇ ಇದ್ದಾರೆ. ಅವರ ಚಿತ್ರ ಬರೆಯುವುದಾದರೆ ಅವರ ಪಕ್ಕ ಕೂತು, ಅವರ ಮಾತು ಕೇಳಿ ಬರೆಯಬೇಕು.

ಖರ್ಚಿನ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿದೆ ಎಂದು ಬಲ್ಲೆ. ತಾಮ್ರ ದುಬಾರಿ, ನೈಟ್ರಿಕ್ ಆಮ್ಲ ಮಕ್ಕಳ ಹತ್ತಿರ ಸುಳಿಯಲೇಬಾರದು. ಆದರೆ ಅಲ್ಯೂಮಿನಿಯಂ ತಗಡು ಅಗ್ಗ. ಅದನ್ನು ತಿನ್ನಿಸಲು ಮೈಲುತುತ್ತ ಮತ್ತು ಅಡುಗೆ ಉಪ್ಪನ್ನು ಸಮಭಾಗ ಬೆರೆಸಿ ನೀರಿನಲ್ಲಿ ಕರಗಿಸಿದರೆ ಸಾಕು. ರೈತರು ಬೆಳೆಯ ರೋಗಕ್ಕೆ ಸಿಂಪಡಿಸುವ ಅದೇ ಮೈಲುತುತ್ತ, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಇದೂ ವಿಷವೇ, ಅದನ್ನು ಮರೆಯಬೇಡಿ. ದ್ರಾವಣ ಬಿಸಿಯಾಗುತ್ತದೆ, ಗಾಳಿಗುಳ್ಳೆ ಏಳುತ್ತವೆ. ಬಯಲಿನಲ್ಲೇ, ಬೆಂಕಿಯಿಂದ ದೂರ, ಕೈಗವಸು ಕನ್ನಡಕ ಹಾಕಿ, ನೀವೇ ಎದುರು ನಿಂತು ಮಾಡಿಸಬೇಕು. ಮಿಕ್ಕ ನೀರಿಗೆ ವಾಷಿಂಗ್ ಸೋಡಾ ಹಾಕಿ, ತಳದಲ್ಲಿ ಕೂತ ಗಸಿಯನ್ನು ಸೋಸಿ ಬೇರೆ ಇಡಬೇಕು. ಚರಂಡಿಗೋ ಹಳ್ಳಕ್ಕೋ ಚೆಲ್ಲಿದರೆ ಅದು ಮಲಪ್ರಭೆಯ ಮೀನಿಗೆ ಹೋಗುತ್ತದೆ. ಇನ್ನು ಪ್ರೆಸ್. ಎರಡು ಉಕ್ಕಿನ ಉರುಳೆ, ನಡುವೆ ಜಾರುವ ಹಲಗೆ, ಒತ್ತಡ ಬಿಗಿ ಮಾಡಲು ಎರಡು ತಿರುಪು. ಬೇಸಾಯದ ಸಲಕರಣೆ ಮಾಡುವ ನಮ್ಮ ವರ್ಕ್‌ಶಾಪ್‌ಗಳಿಗೆ ಇದು ದೊಡ್ಡ ಕೆಲಸವಲ್ಲ. ತಾಲ್ಲೂಕಿಗೊಂದು ಇದ್ದರೆ ಎಲ್ಲ ಶಾಲೆಗಳೂ ಸರದಿಯಲ್ಲಿ ಬಳಸಬಹುದು.

ನಾನು ಕೇಳುವುದು ಮೂರು. ಮೊದಲನೆಯದು, ಡ್ರಾಯಿಂಗ್ ಗ್ರೇಡ್ ಪರೀಕ್ಷೆಯ ತಯಾರಿ ಮುಗಿದ ಮೇಲೆ ಉಳಿಯುವ ಪಿರಿಯಡ್‌ಗಳಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯಿರಿ. ರಾಮದುರ್ಗ, ಸುರೇಬಾನದ ಮಗ್ಗದ ಮುಂದೆ ಕೂರಿಸಿ. ಲಾಳಿ ಯಾವ ಕೈಯಿಂದ ಯಾವ ಕೈಗೆ ಹೋಗುತ್ತದೆ, ಕಾಲು ಯಾವ ಪಾವಡಿಯ ಮೇಲಿದೆ ಎಂದು ತಪ್ಪಿಲ್ಲದೆ ಬರೆಯಲಿ. ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆ ಇಳಿಸುವ ಹಮಾಲರನ್ನು, ಸವದತ್ತಿ ಕೋಟೆಯ ಗೋಡೆಯ ಕಲ್ಲಿನಲ್ಲಿ ಬಿಡಿಸಿದ ರಂಗೋಲಿಯಂಥ ಚಿತ್ತಾರಗಳನ್ನು, ಕಿತ್ತೂರಿನ ಅರಮನೆಯ ಉಳಿದ ಗೋಡೆಗಳನ್ನು ಹಾಗೆಯೇ ಬರೆಯಲಿ. ಫೋಟೋ ನೋಡಿ ಬರೆಯುವುದು ಬೇಡ.

ಎರಡನೆಯದು, ಹಳೆಯ ಯುರೋಪಿಯನ್ ಚಿತ್ರಗಳನ್ನು ತರಗತಿಗೆ ತನ್ನಿ. ಇವನು ನೋಡಿ ಬರೆದನೋ, ಕೇಳಿ ಬರೆದನೋ, ನಕಲು ಮಾಡಿದನೋ? ಯಾರಿಗೆ ಮಾರಲು ಬರೆದ? ಏನನ್ನು ಬಿಟ್ಟ? ಈ ಪ್ರಶ್ನೆಗಳನ್ನು ಮಕ್ಕಳೇ ಕೇಳಲಿ. ಆಮೇಲೆ ತಮ್ಮ ಚಿತ್ರಕ್ಕೂ ಅವನ್ನೇ ಕೇಳಿಕೊಳ್ಳಲಿ. ಹಳ್ಳಿಯ ಮಗು ಪಾರಧಿ ತಾಂಡೆಯ ಚಿತ್ರ ಬರೆದಾಗ, ಪೇಟೆಯ ಮಗು ಗುಡ್ಡದ ಜೋಗಮ್ಮನ ಚಿತ್ರ ಬರೆದಾಗ, ಅಲ್ಲಿಯೂ ಬಲ್ಲವರು, ಅರಿಯದವರು ಎಂಬ ಅಂತರ ಇದ್ದೇ ಇರುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಸೋಲ್ವಿನ್ಸ್ ತನ್ನ ಫಲಕಗಳ ಕೆಳಗೆ ಜಾತಿ, ಕಸುಬು ಬರೆದ. ಕೂತವರ ಹೆಸರು ಬರೆಯಲಿಲ್ಲ. ನಮ್ಮ ಮಕ್ಕಳು ಬರೆಯುವ ಪ್ರತಿ ಚಿತ್ರಕ್ಕೂ ಮೊದಲು ಒಪ್ಪಿಗೆ ಕೇಳಲಿ. ಒಪ್ಪಿದವರ ಹೆಸರು, ಊರು, ಕೆಲಸ ಕೆಳಗೆ ಬರಲಿ. ಬೇಡ ಎಂದವರ ಚಿತ್ರ ಬೇಡ. ತಗಡಿನಿಂದ ಇಪ್ಪತ್ತು ಪ್ರತಿ ತೆಗೆದರೆ ಪೆನ್ಸಿಲ್‌ನಲ್ಲಿ ಒಂದೊಂದಕ್ಕೂ ಅಂಕಿ ಹಾಕುವುದು ಈ ಕಸುಬಿನ ವಾಡಿಕೆ. ಆ ಮೊದಲ ಅಂಕಿಯ ಪ್ರತಿ ಪ್ರದರ್ಶನಕ್ಕೂ ಹೋಗಬಾರದು, ಅತಿಥಿಗಳ ಸನ್ಮಾನಕ್ಕೂ ಹೋಗಬಾರದು. ಚಿತ್ರದಲ್ಲಿ ಇರುವವರ ಮನೆಗೆ ಹೋಗಬೇಕು. ನನ್ನ ಮೂಗು ಹೀಗಿಲ್ಲ, ಮಗ್ಗದ ಹಗ್ಗ ಈ ಕಡೆ ಕಟ್ಟುವುದಿಲ್ಲ ಎಂದು ಅವರು ಹೇಳಿದರೆ, ವಿದ್ಯಾರ್ಥಿ ತಗಡಿಗೆ ಮತ್ತೆ ಮೇಣ ಹಚ್ಚಿ ತಿದ್ದಲಿ. ಎಚ್ಚಿಂಗ್‌ನಲ್ಲಿ ಅದಕ್ಕೆ ಅವಕಾಶವಿದೆ. ಯಾರ ಚಿತ್ರವೋ ಅವರೇ ಮೊದಲ ಪರೀಕ್ಷಕರಾದ ದಿನ ಈ ಕಸುಬು ನಿಜವಾಗಿ ನಮ್ಮದಾಯಿತು ಎನ್ನುತ್ತೇನೆ. ಯಾವ ಶಾಲೆಯಿಂದ ಶುರು ಮಾಡೋಣ, ಪ್ರೆಸ್ಸನ್ನು ಯಾವ ಊರಲ್ಲಿ ಇಡೋಣ ಎಂದು ನೀವು ನಾಲ್ಕೂ ತಾಲ್ಲೂಕಿನವರು ಕೂಡಿ ಕೂತು ಮಾತಾಡಿ. ಕರೆದರೆ ತಗಡು, ಸೂಜಿ ಹಿಡಿದು ನಾನೂ ಬರುತ್ತೇನೆ.

ನಿಮ್ಮ ಕಸುಬಿನವನೇ ಆದ
ಒಬ್ಬ ಚಿತ್ರಗಾರ